ನಾಲ್ಕೆಳೆಯ ಗಂಟು

"ಮತ್ತ ಅಲ್ಲೇ ನಿಂತದ ನೋಡು," ಅಂದಳು ರುಕ್ಸಾರ. "ಅದ ಜಾಗಾ. ಒಂದ ಅಕ್ಷರ ಆ ಕಡೆ ಇಲ್ಲ, ಈ ಕಡೆ ಇಲ್ಲ."

ಆರತಿ ಕಂಪ್ಯೂಟರಿನ ಪರದೆಯತ್ತ ಬಗ್ಗಿದಳು. ಬಣ್ಣದ ಗೆರೆಗಳು ಎಡಗಡೆಯಿಂದ ಸಾಲಾಗಿ ಓಡಿಬಂದು ನಡುವೆ ಗೋಡೆಗೆ ಹಣೆ ಹೊಡಕೊಂಡಂತೆ ನಿಂತುಬಿಟ್ಟಿದ್ದವು. ಸರ್ಕಲ್ ಇನ್ಸ್‌ಪೆಕ್ಟರ್ ಆರತಿಗೆ ಕಳ್ಳರ ಮುಖ ಓದಲು ಬರುತ್ತಿತ್ತು, ಇಂಥ ಗೆರೆ ಓದಲು ಬರುತ್ತಿರಲಿಲ್ಲ. ಬರುವುದಿಲ್ಲ ಅಂತ ಸುಲಭಕ್ಕೆ ಒಪ್ಪಿಕೊಳ್ಳುವ ಹೆಣ್ಣೂ ಅಲ್ಲ ಅವಳು.

"ನಿಂತದ ಅಂದ್ರ ದಾರ ಹರಿದದ ಅಂತ. ಮೊದಲ ಪರೀಕ್ಷಾ ಮಾಡಿದವರೂ ಅದನ್ನ ಹೇಳ್ಯಾರಲ್ಲ."

"ಅವರು ಹೇಳಿದ್ದಕ್ಕ ಒಬ್ಬ ಹುಡುಗ ನಿನ್ನ ಲಾಕಪ್ಪಿನಾಗ ಕುಂತಾನ."

ಆ ಮಾತು ಚುಚ್ಚಿತು. ಹುಡುಗನ ಹೆಸರು ಜಾವೀದ. ಹಾಲಿನ ಸಂಘವೊಂದರ ಪರವಾಗಿ ಊರೂರು ತಿರುಗಿ ದನಗಳಿಗೆ ಚರ್ಮಗಂಟು ರೋಗದ ಸೂಜಿ ಮಾಡುವವನು. ಅವನು ಸೂಜಿ ಮಾಡಿ ಹೋದ ಮೇಲೆ ಬಬಲೇಶ್ವರದಲ್ಲಿ ಆಕಳುಗಳ ಮೈತುಂಬ ಗಂಟು ಎದ್ದವು, ಜ್ವರ ಏರಿತು, ಕಟ್ಟಿದ ಗೂಟದಲ್ಲೇ ಒಂದೊಂದಾಗಿ ಪ್ರಾಣ ಬಿಟ್ಟವು. ಅವನ ಡಬ್ಬಿಯಲ್ಲಿ ಉಳಿದಿದ್ದ ಎರಡು ಲಸಿಕೆಯ ಶೀಶೆಗಳಲ್ಲಿ ಒಂದನ್ನು ಬೇರೆ ಕಡೆ ಪರೀಕ್ಷೆಗೆ ಕಳಿಸಿದರೆ, ಒಳಗಿನ ವೈರಸ್ಸಿನ ದಾರ ನಡುವೆ ತುಂಡಾಗಿದೆ, ಬಿಸಿಲಿಗೆ ಇಟ್ಟು ಕೆಡಿಸಿದ್ದಾರೆ ಅಂತ ಉತ್ತರ ಬಂತು. ಬಿಸಿಲಿಗೆ ಇಟ್ಟವನು ಯಾರು? ಮೋಟಾರ್‌ಸೈಕಲ್ಲಿನ ಬೆನ್ನಿಗೆ ಐಸ್ ಡಬ್ಬಿ ಕಟ್ಟಿಕೊಂಡು ತಿರುಗಿದವನೇ ಅಲ್ಲವೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಅಷ್ಟು ಸಾಕಾಗಿತ್ತು.

ಹಿಡಿದು ತಂದವಳು ಆರತಿಯೇ. ಇವತ್ತು ಸಂಜೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ನೇರ ಜೈಲು. ದನ ಕೊಂದವನು ಅಂತ ಜೈಲು ಕಂಡುಬಂದವನನ್ನು ಆಮೇಲೆ ಯಾವ ಊರಿನವರು ತಮ್ಮ ಹಟ್ಟಿಯೊಳಗೆ ಬಿಟ್ಟುಕೊಂಡಾರು? ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಬಿಸಲಾಗ ಬಿದ್ದ ಹಗ್ಗ ನೋಡೀದಿ ಇಲ್ಲೋ?" ಅಂದಳು ರುಕ್ಸಾರ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು, ಹಾಗಾಗಿ ಖಾಕಿಗೆ ಹೆದರುವ ಮಾತೇ ಇಲ್ಲ. "ಒಂದ ಹಗ್ಗ ಇಲ್ಲಿ ಹರೀತದ, ಇನ್ನೊಂದು ಅಲ್ಲಿ ಹರೀತದ. ಈ ಶೀಶೆದಾಗ ಲೆಕ್ಕಾ ಇಲ್ಲದಷ್ಟು ದಾರ ಅದಾವ. ಎಲ್ಲಾ ಕೂಡಿ ಮಾತಾಡಿಕೊಂಡು ಒಂದ ಜಾಗಾದಾಗ ಹರೀತಾವೇನ ಬೇ?"

ಆರತಿ ನೆಟ್ಟಗೆ ನಿಂತಳು. "ಹಂಗಾರ?"

"ಹರಿದಿಲ್ಲ. ಗಂಟ ಬಿದ್ದದ."

ವಿಜಯಪುರದ ಅಥಣಿ ರಸ್ತೆಯ ಈ ಪಶುರೋಗ ಪ್ರಯೋಗಾಲಯದಲ್ಲಿ ವೈರಸ್ಸು ಓದುವುದೇ ರುಕ್ಸಾರಳ ಕೆಲಸ. ಅವಳು ಮೇಜಿನ ಮೇಲಿದ್ದ ಪೊಟ್ಟಣದ ದಾರ ತೆಗೆದುಕೊಂಡು ಬೆರಳಿಗೆ ಸುತ್ತಿ ತೋರಿಸಿದಳು. ವೈರಸ್ಸಿನ ಬರಹಕ್ಕೆ ಇರುವುದು ನಾಲ್ಕೇ ಅಕ್ಷರ. ಅದರಲ್ಲಿ ಜಿ ಅನ್ನುವ ಅಕ್ಷರ ಗುಂಪುಗುಂಪಾಗಿ ನಾಲ್ಕು ಕಡೆ ಹತ್ತಿರ ಹತ್ತಿರ ಬಂತೆಂದರೆ, ಆ ನಾಲ್ಕು ಗುಂಪೂ ಒಂದನ್ನೊಂದು ಎಳೆದುಕೊಂಡು ಚೌಕ ಕಟ್ಟಿ ಕೂರುತ್ತವೆ. ಎರಡೆಳೆಯ ಹುರಿ ಇರಬೇಕಾದಲ್ಲಿ ನಾಲ್ಕೆಳೆಯ ಗಂಟು. ಓದುತ್ತಾ ಬರುವ ಕಿಣ್ವ ಅಲ್ಲಿಗೆ ಬಂದು ಎಡವಿ ನಿಲ್ಲುತ್ತದೆ.

"ರೋಗದ ಹೆಸರೂ ಗಂಟು, ರೋಗದ ಹೊಟ್ಟ್ಯಾಗೂ ಗಂಟು," ಅಂದಳು ಆರತಿ. "ಅದಕ್ಕ್ಯಾಕ ಬೇಕಾಗ್ಯಾದ ಇದು?"

"ಬಾಗಲಕ್ಕ ಅಗಳಿ ಯಾಕ ಬೇಕು? ಆಕಳ ಮೈಯಾಗ ಹೊಕ್ಕ ಕೂಡ್ಲೆ ಗದ್ದಲ ಮಾಡಿದರ ಮೈ ಎಚ್ಚರಾಗಿ ಹೊಡದ ಹಾಕ್ತದ. ಅದಕ್ಕ ತನ್ನ ಒಂದ ಜೀನಿನ ಬಾಗಲಿಗೆ ಈ ಗಂಟ ಹಾಕ್ಕೊಂಡು ಸುಮ್ಮ ಕುಂದರ್ತದ. ಜಾಗಾ ಗಟ್ಟಿ ಆತು ಅಂದಮ್ಯಾಲ ಬಿಚ್ಚಿಕೊಂಡು ಹೊರಗ ಬೀಳ್ತದ. ಲಸಿಕಿ ಒಳಗ ಇರೋ ಸಾಧು ವೈರಸ್ಸಿಗೂ ಗಂಟ ಇರ್ತದ, ಆದರ ಸಡಲ."

"ಸಡಲ ಇದ್ದದ್ದು ಇಲ್ಲಿ ಬಿಗದದ್ದು ಹೆಂಗ?"

ರುಕ್ಸಾರಳ ಮುಖ ಅರಳಿತು. ಕೇಳಬೇಕಾದ ಪ್ರಶ್ನೆಯನ್ನೇ ಗೆಳತಿ ಕೇಳಿದ್ದಳು.

"ಬೆಣಿ ಬಡದಾರ. ಪೊಟ್ಯಾಸಿಯಂ. ಚೌಕದ ನಡುವ ಒಂದು ತೂತ ಇರ್ತದ, ಅದರಾಗ ಪೊಟ್ಯಾಸಿಯಂ ಅಳತಿ ಮಾಡಿದಂಗ ಕುಂದರ್ತದ. ಗಂಟ ಕಗ್ಗಂಟ ಆಗ್ತದ. ಅದನ್ನ ತೊಳದು ಲಿಥಿಯಂ ಹಾಕಿದರ ಗಂಟ ಸಡಲ ಬಿಡ್ತದ. ನಾ ಹಾಕಿದ ಉಪ್ಪಿನಾಗ ಪೊಟ್ಯಾಸಿಯಂ ಇಲ್ಲ. ಬಂದದ್ದು ಶೀಶೆ ಒಳಗಿಂದ. ಇದು ಅವನ ಡಬ್ಬಿಯ ಎರಡನೇ ಶೀಶೆ, ಸೀಲ್ ಒಡದವಳು ನಾನ. ಅಲ್ಲಿತನಕ ಅಲ್ಯೂಮಿನಿಯಂ ಮುಚ್ಚಳ ಬಿಗಿಯಾಗೇ ಇತ್ತು."

ಲಿಥಿಯಂ ಹಾಕಿದ ಮಾದರಿ ಯಂತ್ರದೊಳಗೆ ಹೋಯಿತು. ಇಬ್ಬರೂ ಚಹಾ ಮುಟ್ಟದೆ ಕಾದರು. ಪರದೆಯ ಮೇಲೆ ಗೆರೆಗಳು ಮತ್ತೆ ಓಡಿಬಂದವು, ಗೋಡೆಯ ಹತ್ತಿರ ಬಂದವು, ಗೋಡೆ ದಾಟಿ ಸಲೀಸಾಗಿ ಮುಂದೆ ಹೋದವು. ದಾರ ಎಲ್ಲಿಯೂ ಹರಿದಿರಲಿಲ್ಲ. ಲಸಿಕೆಯನ್ನು ಬಿಸಿಲು ಮುಟ್ಟಿರಲಿಲ್ಲ. ಆರತಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಪೂರಾ ಓದಿ ಹೋಲಿಸಾಕ ಸಂಜಿ ಆಗ್ತದ," ಅಂದ ರುಕ್ಸಾರ ಒಂದು ತಂತಿಯನ್ನು ಶೀಶೆಯ ಹನಿಯಲ್ಲಿ ಅದ್ದಿ ಬರ್ನರಿನ ಉರಿಗೆ ಹಿಡಿದಳು. "ಈ ನೀಲಿ ಗಾಜಿನಾಗಿಂದ ನೋಡು."

ಉರಿ ತೆಳು ನೇರಳೆಯಾಗಿ ಉರಿಯಿತು.

"ಅದ ಪೊಟ್ಯಾಸಿಯಂ. ಲಸಿಕಿ ಮಾಡೋ ಕಂಪನಿಯವರು ಇಷ್ಟ ಹಾಕೂದಿಲ್ಲ. ಎಲ್ಲಿಂದ ಬಂತು ಅನ್ನೂದು ನಿನ್ನ ಕೆಲಸ."

ಆರತಿ ಗಾಜು ಕೆಳಗಿಟ್ಟು ನಗತೊಡಗಿದಳು. ರುಕ್ಸಾರಳಿಗೆ ಗಾಬರಿಯೇ ಆಯಿತು.

"ಏನಾತ ಬೇ?"

"ನಾ ತಿಕೋಟಾದ ಮಗಳು. ಈ ಹಂಗಾಮಿನಾಗ ನಮ್ಮೂರಾಗ ಪೊಟ್ಯಾಶ್ ನೀರಾಗ ಕೈ ಅದ್ದದ ಮಂದಿ ಎಷ್ಟ ಇದ್ದಾರ ಹೇಳು."

ತಿಕೋಟಾದ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ, ಉಳಿದವರಿಗೆ ಹೇಳಬೇಕು. ದ್ರಾಕ್ಷಿಯನ್ನು ಹಾಗೇ ಒಣಗಿಸಿದರೆ ಮನೂಕವಾಗಲು ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಗೊನೆಗಳನ್ನು ಮೊದಲು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಆ ನೀರಿಗೆ ಹಾಕುವ ಬಿಳಿ ಪುಡಿ ಪೊಟ್ಯಾಸಿಯಂ ಕಾರ್ಬೊನೇಟು. ಹಣ್ಣಿನ ಮೈಮೇಲಿನ ಮೇಣ ಕರಗಿ ಬೇಗ ಒಣಗುತ್ತದೆ. ಅದ್ದುವ ತೊಟ್ಟಿ ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತದೆ, ಕೈಯ ಜಿಡ್ಡೆಲ್ಲ ಹೋಗುತ್ತದೆ. ಹಾಗಾಗಿ ಅಷ್ಟು ಸ್ವಚ್ಛವಾದ ಪಾತ್ರೆ ಊರಿನಲ್ಲೇ ಇಲ್ಲ ಅಂತ ಅಲ್ಲಿನವರ ನಂಬಿಕೆ. ಕಣ್ಣಿಗೆ ಸ್ವಚ್ಛ ಕಂಡದ್ದೆಲ್ಲ ಖಾಲಿ ಅಲ್ಲ ಅನ್ನುವುದು ಯಾರ ತಲೆಗೆ ಹೊಳೆಯಬೇಕು?

ಜಾವೀದನ ಸಂಘಕ್ಕೆ ಲಸಿಕೆ ಪೂರೈಸುವ ಏಜೆನ್ಸಿ ಭೀಮಾಶಂಕರ ಎಂಬುವನದು. ತಿಕೋಟಾದ ಹೊರಗೆ ಮನೂಕದ ಶೆಡ್ಡು ಹಾಕಿಕೊಂಡವನೂ ಅದೇ ಭೀಮಾಶಂಕರ. ಆರತಿ ಜೀಪು ಹತ್ತಿದಳು.

ಶೆಡ್ಡಿನ ಹಸಿರು ಪರದೆಯೊಳಗೆ ಗಂಧಕದ ವಾಸನೆ ಮೂಗಿಗೆ ಅಡರುತ್ತಿತ್ತು. ಅಟ್ಟಣಿಗೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಕೆಳಗೆ ಹೆಂಗಸರು ಕೂತು ಕಡ್ಡಿ ಬಿಡಿಸುತ್ತಿದ್ದರು. ಭೀಮಾಶಂಕರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೊಗಸೆ ತುಂಬ ಮನೂಕ ಹಿಡಿದು ಎದುರು ಬಂದ.

"ಬರ್ರಿ ಮೇಡಂ. ಒಂದ ನಾಕ ಕಾಳು ಬಾಯಾಗ ಹಾಕ್ಕೊಂಡ ನೋಡ್ರಿ, ಸಕ್ರಿ ಆಗ್ಯಾವ."

"ಆಮ್ಯಾಲ ತಿನ್ನೂಣಂತ್ರಿ. ಲಸಿಕಿ ಎಲ್ಲಿ ಇಡ್ತೀರಿ?"

"ಒಳಗ ಫ್ರಿಜ್ ಅದರಿ. ಕಂಪನಿಯಿಂದ ಬಂದದ್ದು ಬಂದಂಗ ಇಟ್ಟು, ಬಂದಂಗ ಕೊಡ್ತೇವ್ರಿ. ಬಿಚ್ಚೂದು, ಬೆರಸೂದು ನಮ್ಮಲ್ಲಿ ಇಲ್ರಿ."

"ಬೆರಸಿದಿರಿ ಅಂತ ನಾ ಎಲ್ಲಿ ಅಂದೆನ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. ಭೀಮಾಶಂಕರನ ಬೊಗಸೆಯಿಂದ ಕಾಳುಗಳು ಉದುರಿದವು. ಆರತಿ ಅವನನ್ನು ದಾಟಿ ಒಳಕೋಣೆಗೆ ನಡೆದಳು. ಫ್ರಿಜ್ಜಿನ ಮಗ್ಗುಲಿಗೇ ಒಂದು ಸಣ್ಣ ಸ್ಟೀಲಿನ ತೊಟ್ಟಿ. ಅದರ ಅಂಚಿಗೆ ಬಿಳಿ ಹಕ್ಕಳೆ ಕಟ್ಟಿತ್ತು.

"ಇದರಾಗ ಏನ ಮಾಡ್ತೀರಿ?"

ಅದ್ದುವ ತೊಟ್ಟಿ ಫ್ರಿಜ್ಜಿನ ಪಕ್ಕ ಯಾಕೆ ಬಂತು ಅನ್ನುವ ಮುಂದಿನ ಪ್ರಶ್ನೆ ಅವನಿಗೆ ಕಾಣಿಸಿತು. ಸುಳ್ಳುಗಾರರಿಗೆ ಒಂದು ಪ್ರಶ್ನೆ ಮುಂದೆ ಕಾಣುತ್ತದೆ, ಎರಡು ಕಾಣುವುದಿಲ್ಲ.

"ಕುಡಿಯೋ ನೀರ್ರಿ. ಆಳುಗೋಳಿಗೆ ಇಟ್ಟೇವಿ."

"ಛಲೋ ಆತು. ಬಿಸಲಾಗ ಬಂದು ಗಂಟಲ ಒಣಗ್ಯಾದ." ಆರತಿ ಗ್ಲಾಸು ಅದ್ದಿ ತುಂಬಿ ಅವನ ಮುಂದೆ ಹಿಡಿದಳು. "ಮೊದಲ ನೀವು ಕುಡೀರಿ."

ಭೀಮಾಶಂಕರ ಗ್ಲಾಸು ತೆಗೆದುಕೊಂಡ. ತುಟಿಯ ತನಕ ಒಯ್ದ. ಅಲ್ಲಿಗೆ ನಿಂತ.

"ಬ್ಯಾಡ್ರಿ, ಮುಂಜಾನಿಯಿಂದ ಹೊಟ್ಟಿ ಸರಿ ಇಲ್ಲ."

"ಒಂದ ಗುಟುಕು ಕುಡೀರಿ. ನೀರಿಗೇನ ಆಗ್ತದ?"

ಬಾಗಿಲಿನಲ್ಲಿ ಇಣುಕಿ ನೋಡುತ್ತಿದ್ದ ಕೆಲಸದ ಪರಸವ್ವನಿಗೆ ತಡೆಯಲಾಗಲಿಲ್ಲ. ಪಾಪ, ಧಣಿಯ ಮೇಲೆ ಕಾಳಜಿ. "ಯಪ್ಪಾ, ಕುಡದಗಿಡದೀರಿ. ಅದು ಅದ್ದೋ ನೀರು. ಕರಳ ಸುಟ್ಟ ಹೋಗ್ತಾವ."

ಹೊರಗೆ ಕೂತ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಭೀಮಾಶಂಕರ ಗ್ಲಾಸು ಕೆಳಗಿಟ್ಟ. ಆರತಿ ಕಪಾಟಿನ ಮೇಲಿಂದ ಇಕ್ಕಳದಂಥ ಒಂದು ಸಾಮಾನು ಎತ್ತಿಕೊಂಡಳು.

"ಇದು ಏನರಿ?"

"ಡಿಪ್ಪಿಂಗ್ ಆಯಿಲ್ ಕ್ಯಾನಿನ ಮುಚ್ಚಳ ಒತ್ತೂದ್ರಿ."

"ನಮ್ಮಪ್ಪನ ಶೆಡ್ಡ ಇಲ್ಲಿಂದ ಕೂಗಳತಿ ದೂರ ಅದ ಭೀಮಾಶಂಕರ ಅವರ. ಆ ಕ್ಯಾನಿಗೆ ತಿರುವೋ ಮುಚ್ಚಳ ಇರ್ತದ. ಸಣ್ಣಾಕಿ ಇದ್ದಾಗಿಂದ ತಿರುವೀನಿ." ಅವಳು ಜೇಬಿನಿಂದ ಲಸಿಕೆಯ ಖಾಲಿ ಶೀಶೆಯೊಂದನ್ನು ತೆಗೆದು ಇಕ್ಕಳದ ಬಾಯಿಗೆ ಕೊಟ್ಟಳು. ಶೀಶೆಯ ಕತ್ತು ಅದರಲ್ಲಿ ಹೇಳಿ ಮಾಡಿಸಿದಂತೆ ಕೂತಿತು. "ಹೊಸ ಮುಚ್ಚಳ ಒತ್ತಿ ಒಂದು ಶೀಶೆಯ ಔಷಧ ಎಷ್ಟ ಶೀಶೆ ಮಾಡಿದಿರಿ?"

ಬಿಳಿ ಅಂಗಿ ಬೆನ್ನಿಗೆ ಅಂಟಿತು. ಅವನು ಫ್ರಿಜ್ಜಿಗೆ ಒರಗಿ ನಿಂತು, ಕಡೆಗೆ ಬಾಯಿಬಿಟ್ಟ. "ನೀರ ಕೂಡಿಸಿದ್ದು ಖರೆರಿ. ಅದಕ್ಕ ಎಲ್ಲಾಕ್ಕಿಂತ ಸ್ವಚ್ಛ ಭಾಂಡೆ ಬೇಕು ಅಂತ ಈ ತೊಟ್ಟಿ ತಗೊಂಡೆ. ತೊಳದು ಒರಸಿ ಮಾಡೀನ್ರಿ. ದನ ಸಾಯಲಿ ಅಂತ ಮಾಡಿಲ್ಲ."

"ಸ್ವಚ್ಛ ಮಾಡಾಕ ಹೋಗಿ ಶೀಶೆ ಒಳಗ ನಿಮ್ಮ ಶೆಡ್ಡಿನ ವಿಳಾಸ ಬರದ ಇಟ್ಟೀರಿ. ನಡೀರಿ."

ಬಬಲೇಶ್ವರದ ಠಾಣೆಯ ಮುಂದೆ ಜನ ನೆರೆದಿತ್ತು. ಹುಡುಗನನ್ನು ಜೈಲಿಗೆ ಒಯ್ಯುವುದನ್ನು ನೋಡಲು ಬಂದ ಜನ. ಕಟ್ಟೆಯ ಮೇಲೆ ಜಾವೀದನ ತಾಯಿ ಸಕೀನಾ ನಿನ್ನೆಯಿಂದ ಕೂತಿದ್ದಳು. ಅವಳಿಂದ ಸ್ವಲ್ಪ ದೂರಕ್ಕೆ ಬೇವಿನ ಗಿಡದ ಕೆಳಗೆ ಧೂಳಪ್ಪ ನಿಂತಿದ್ದ. ದೂರು ಕೊಟ್ಟವನೇ ಅವನು. ಅವನ ಹಟ್ಟಿಯ ಹಾಲು ಕೊಡುವ ಆಕಳು ಹೋಗಿತ್ತು.

ಜೀಪಿನಿಂದ ಭೀಮಾಶಂಕರ ಇಳಿದದ್ದು ನೋಡಿ ಜನ ಗುಜುಗುಜು ಅಂದರು. ಆರತಿ ಜೀಪಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. ಸುತ್ತಿಬಳಸಲಿಲ್ಲ. ಲಸಿಕೆ ಬಿಸಿಲಿಗೆ ಕೆಟ್ಟಿಲ್ಲ. ಜಾವೀದನ ಕೈಗೆ ಬರುವ ಮೊದಲೇ ಇವರು ಅದಕ್ಕೆ ಮನೂಕದ ತೊಟ್ಟಿಯ ನೀರು ಬೆರೆಸಿದ್ದಾರೆ. ಹುಡುಗನ ತಪ್ಪು ಎಳ್ಳಷ್ಟೂ ಇಲ್ಲ, ಹಿಡಿದದ್ದು ನನ್ನ ತಪ್ಪು.

ಮುಚ್ಚಳಿಕೆ ಬರೆಸಿಕೊಂಡು ಜಾವೀದನನ್ನು ಹೊರಗೆ ಬಿಟ್ಟರು. ಅವನು ಬಾಗಿಲಲ್ಲಿ ಬಂದು ನಿಂತ. ಯಾರ ಮುಖ ನೋಡಬೇಕು ಅನ್ನುವುದು ತಿಳಿಯಲಿಲ್ಲ ಅವನಿಗೆ. ಧೂಳಪ್ಪ ಬೇವಿನ ಗಿಡ ಬಿಟ್ಟು ನೇರ ಅವನ ಮುಂದೆ ಬಂದ.

"ತಮ್ಮಾ, ನಿನ್ನ ಮ್ಯಾಲ ಕೇಸ ಕೊಟ್ಟಾವ ನಾನು."

"ಗೊತ್ತೈತಿ ಕಾಕಾ. ನಿಮ್ಮ ಆಕಳ ಹೋಗಿತ್ತು. ಸಿಟ್ಟ ಬರೂದ."

ಧೂಳಪ್ಪ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. "ಮನ್ಯಾಗ ಅದರ ಮಣಕ ಒಂದ ಉಳದೈತಿ. ಖರೆ ಔಷಧ ಬಂದ ದಿನ ನೀನ ಬಂದು ಸೂಜಿ ಮಾಡಬೇಕು. ಬ್ಯಾರೆಯವ್ರನ್ನ ನಾ ಹಟ್ಟಿ ಒಳಗ ಬಿಡೂದಿಲ್ಲ."

ಅಷ್ಟೇ ಬೇಕಾಗಿತ್ತು. ನಮ್ಮ ಹಟ್ಟಿಗೂ ಬಾ, ನಮ್ಮನಿಗೆ ಮೊದಲ ಬಾ ಅಂತ ಜನ ಮುಗಿಬಿದ್ದರು. ನಿನ್ನೆ ಕಲ್ಲು ಎತ್ತಿಕೊಂಡವರೇ ಇವತ್ತು ಅವನ ಬೆನ್ನು ಚಪ್ಪರಿಸಿದರು. ಜನದ ಬುದ್ಧಿಯೇ ಹಾಗೆ, ಬೈದು ಪ್ರಯೋಜನವಿಲ್ಲ. ಸಕೀನಾ ಮಗನ ತಲೆ ನೇವರಿಸಿ ಆರತಿಯ ಹತ್ತಿರ ಬಂದು ಕೈ ಹಿಡಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ ನನ್ನವ್ವಾ," ಅಂದಳು. ಆರತಿಗೆ ಕಣ್ಣು ತುಂಬಿ ಬಂತು. ಪೊಲೀಸು ಕೆಲಸಕ್ಕೆ ಸೇರಿದ ಮೇಲೆ ಇಷ್ಟು ಖುಷಿಯಾದ ದಿನ ಅವಳಿಗೆ ನೆನಪಿರಲಿಲ್ಲ.

ಇನ್ನೂ ಬೆಳಕಿರುವಾಗಲೇ ರುಕ್ಸಾರ ವಿಜಯಪುರದಿಂದ ತಾನೇ ಸ್ಕೂಟಿ ಹೊಡೆದುಕೊಂಡು ಬಂದಳು. ಆರತಿ ಅವಳಿಗಾಗಿ ಮಿರ್ಚಿ ಭಜಿ ತರಿಸಿಟ್ಟಿದ್ದಳು.

"ಬಾ ಬೇ. ಇವತ್ತಿನ ಗೆಲುವು ನಿಂದು. ಮೊದಲ ತಿನ್ನು."

ರುಕ್ಸಾರ ಕೂತಳು, ತಟ್ಟೆ ಮುಟ್ಟಲಿಲ್ಲ. ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿ ಮತ್ತೆ ಬಂದು ಕೂತಳು.

"ಪೂರಾ ಓದಿತು, ಆರತಿ. ಗಂಟಿನ ಎಳಿ ಎಳಿ ನಡುವ ಸಣ್ಣ ಕುಣಿಕಿ ಇರ್ತಾವ. ಲಸಿಕಿ ವೈರಸ್ಸಿನ ಕುಣಿಕಿ ಬ್ಯಾರೆ, ರೋಗದ್ದು ಬ್ಯಾರೆ. ಈ ಶೀಶೆದಾಗ ಎರಡೂ ಅದಾವ."

ಆರತಿಯ ಕೈಯಲ್ಲಿದ್ದ ಭಜಿ ಕೈಯಲ್ಲೇ ಉಳಿಯಿತು. "ಅಂದ್ರ ಜೀವಂತ ರೋಗಾನ ಶೀಶೆದಾಗ ಹಾಕ್ಯಾರ?"

"ಹೌದು. ಬರೇ ನೀರ ಬೆರಸಿದ್ರ ಸೂಜಿ ಹತ್ತತಿರಲಿಲ್ಲ, ಅಷ್ಟ. ಇದು ಆಕಳಿಗೆ ರೋಗಾನ ಚುಚ್ಚಿದಂಗ ಆತು."

"ಭೀಮಾಶಂಕರ ಯಾವುದೋ ರೋಗದ ಆಕಳ ಹುಣ್ಣ ಕೆರದು ಹಾಕಿರಬೇಕು."

"ಹಂಗಿದ್ರ ಈ ಸೀಮಿಯ ರೋಗದ ಕುಣಿಕಿ ಇರಬೇಕಿತ್ತು. ಇದರಾಗ ಒಂದ ಅಕ್ಷರ ಹೆಚ್ಚಿಗಿ ಅದ. ಧೂಳಪ್ಪನ ಆಕಳ ಹುಣ್ಣಿನಾಗೂ ಅದ, ಈ ಸೂಜಿ ಮಾಡಿಸಿಕೊಂಡು ಸತ್ತ ಬ್ಯಾರೆ ಆಕಳಾಗೂ ಅದ. ಅವನ್ನ ಬಿಟ್ಟರ ಜಿಲ್ಲೆದಾಗ ಯಾವ ದನದಾಗೂ ಇಲ್ಲ. ವೈರಸ್ಸನ್ನ ಬಾಟಲಿದಾಗ ಮತ್ತ ಮತ್ತ ಬೆಳಸಿದಾಗ ಸೇರಿಕೊಂಡ ಅಕ್ಷರ ಅದು. ಅಂಥಾ ವೈರಸ್ಸ ಇರೂದು ಒಂದ ಕಡೆ, ನಮ್ಮ ಪ್ರಯೋಗಾಲಯದ ಫ್ರೀಜರಿನಾಗ. ಬೆಳಸಿದಾಕಿ ನಾನ."

ಹೊರಗೆ ಜಾವೀದ ಮೋಟಾರ್‌ಸೈಕಲ್ ಚಾಲೂ ಮಾಡಿದ. ಸಕೀನಾ ಏನೋ ಹೇಳಿ ನಕ್ಕದ್ದು ಕಿಟಕಿಯೊಳಗೆ ಕೇಳಿಸಿತು.

"ಆ ಫ್ರೀಜರಿನ ಕೀಲಿ ಯಾರ ಹಂತೇಕ ಇರ್ತದ?" ಆರತಿ ಮೆಲ್ಲಗೆ ಕೇಳಿದಳು.

"ನನ್ನ ಹಂತೇಕ."

"ಮತ್ತ?"

"ಮತ್ತ ಯಾರ ಹಂತೇಕೂ ಇಲ್ಲ."

ಆರತಿ ಎದ್ದು ಕಿಟಕಿಯ ಹತ್ತಿರ ಹೋಗಿ ಬಂದಳು. "ಕುಣಿಕಿ ಸುದ್ದಿ ಬರೀಲಿಕ್ಕೇ ಬೇಕೇನು? ಪೊಟ್ಯಾಸಿಯಂ ಇತ್ತು, ಗಂಟ ಬಿಗದಿತ್ತು, ಅಷ್ಟ ಬರದರ ಸಾಲದೇನು?"

"ಗಂಟ ಬಿಚ್ಚಿ ಓದಿದೆ ಅಂತ ಬರದ್ರ, ಒಳಗ ಏನ ಓದಿದಿ ಅಂತ ಕೋರ್ಟ ಕೇಳ್ತದ. ಓದಿಲ್ಲ ಅಂತ ಬರದ್ರ, ಬಿಸಲಿಗೆ ಹರಿದದ ಅನ್ನೋ ಹಳೇ ಮಾತ ಗಟ್ಟಿ ಆಗ್ತದ. ಭೀಮಾಶಂಕರನ ವಕೀಲ ಬಿಡ್ತಾನೇನು? ಆ ಹುಡುಗ ಮತ್ತ ಒಳಗ ಬರ್ತಾನ."

ಅವಳು ಚೀಲದಿಂದ ವರದಿ ತೆಗೆದು, ಕಡೆಯ ಹಾಳೆ ತಿರುವಿ, ಸಹಿ ಹಾಕಿದಳು. ವರದಿಯನ್ನು ಆರತಿಯ ಕಡೆ ಸರಿಸಿ ಫ್ರೀಜರಿನ ಕೀಲಿಯನ್ನು ಅದರ ಮೇಲಿಟ್ಟಳು.

"ಖರೆ ಹೇಳು ರುಕ್ಸಾರ. ನೀ ತಗದಿಲ್ಲಲ್ಲ?"

ರುಕ್ಸಾರ ಎದ್ದು, ತಾನೇ ಮುಂದೆ ಮಾಡಿದ್ದ ಬಾಗಿಲನ್ನು ತೆರೆದಳು.

"ಈ ಪ್ರಶ್ನೆ ಬಾಗಲ ಹಾಕ್ಕೊಂಡು ಕೇಳಬ್ಯಾಡ," ಅಂದಳು. "ನನ್ನ ಹೇಳಿಕಿ ಬರಕೊಳ್ಳಾಕ ಒಬ್ಬರನ್ನ ಕರಿ. ಆಮ್ಯಾಲ ಕೇಳು."